ಕಾರ್ಬನ್ ಪೇಪರಿನ ಒಗಟು: ಟೈಪಿಂಗ್ ಅಂಗಡಿ ಚಿಕ್ಕಮ್ಮ ಮತ್ತು ಒಂದು ಚಾಟ್‌ಬಾಟ್

ಮಂಡ್ಯದಲ್ಲಿ ನಮ್ಮ ಚಿಕ್ಕಮ್ಮನದು ಒಂದು ಟೈಪಿಂಗ್ ಅಂಗಡಿ ಇದೆ. ಕೋರ್ಟು, ಕಚೇರಿ ಅಂತ ಹಳ್ಳಿಗಳಿಂದ ಬರುವವರು ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು ಮಾಡಿಸಿಕೊಂಡು ಹೋಗುವ ಜಾಗ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮೆಷಿನ್, ಮೂಲೆಯಲ್ಲಿ ಹಳೇ ಟವೆಲ್ ಹೊದ್ದು ಕೂತಿರುವ ಕನ್ನಡ ಟೈಪ್‌ರೈಟರ್. ಇಷ್ಟೇ. ಚಿಕ್ಕಮ್ಮನಿಗೆ ಈಗ 58. 1986ರಲ್ಲಿ ಟೈಪಿಂಗ್ ಕಲಿತು ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿದವರು, ಅಲ್ಲಿಂದ ಇಲ್ಲಿವರೆಗೆ ಬೇರೆ ಕೆಲಸ ಮಾಡಿಲ್ಲ.

ನಾನು ಮೈಸೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಂ ಎಲ್ಲಿ ಕೈಕೊಡುತ್ತದೆ ಅಂತ ಹುಡುಕುವುದು ನನ್ನ ಹೊಟ್ಟೆಪಾಡು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಕೊನೆಗೆ ಉಪಯೋಗಕ್ಕೆ ಬಂದಿದ್ದು ಈ ಅಭ್ಯಾಸವೇ. ಅಲ್ಲಿಗೆ ತಲುಪುವ ಮೊದಲು ನಾನು ಸರಿಯಾಗೇ ಎಡವಿದ್ದೆ.

ಕಳೆದ ವರ್ಷ ಒಂದು ಭಾನುವಾರ ಚಿಕ್ಕಮ್ಮ ಫೋನ್ ಮಾಡಿ, "ಅಂಗಡಿ ಮುಚ್ಚಿಬಿಡೋಣ ಅಂತಿದ್ದೀನಿ ಕಣೇ" ಅಂದರು. ವಿಚಾರಿಸಿದರೆ, ಆ ವಾರ ಇಬ್ಬರು ಹುಡುಗರು ಮೊಬೈಲಿನಲ್ಲೇ ಚಾಟ್‌ಬಾಟ್ ಕೈಲಿ ಅರ್ಜಿ ಬರೆಸಿಕೊಂಡು ಬಂದು, "ಆಂಟಿ, ಬರೀ ಪ್ರಿಂಟ್ ಕೊಡಿ ಸಾಕು" ಅಂದಿದ್ದರಂತೆ. ಒಂದು ಪುಟಕ್ಕೆ 60 ರೂಪಾಯಿ ಸಿಗುತ್ತಿದ್ದ ಕಡೆ 5 ರೂಪಾಯಿ. ದುಡ್ಡಿಗಿಂತ ಜಾಸ್ತಿ ಚಿಕ್ಕಮ್ಮನನ್ನು ಚುಚ್ಚಿದ್ದು ಒಬ್ಬ ಹುಡುಗ ಹೋಗುವಾಗ ಕೇಳಿದ ಮಾತು: "ನೀವಿನ್ನೂ ಕೈಯಲ್ಲೇ ಟೈಪ್ ಮಾಡ್ತೀರಾ?"

ನನ್ನ ಎಡವಟ್ಟು

ಮುಂದಿನ ಶನಿವಾರ ಲ್ಯಾಪ್‌ಟಾಪ್ ಹಿಡಿದು ರೈಲು ಹತ್ತಿದೆ. ಮೈಸೂರಿಂದ ಮಂಡ್ಯ ಸುಮಾರು 45 ಕಿಲೋಮೀಟರ್, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಭಾಷಣ ತಯಾರು ಮಾಡಿಕೊಂಡು ಬಂದೆ. ಚಾಟ್‌ಜಿಪಿಟಿ ಅನ್ನುವ ಚಾಟ್‌ಬಾಟ್ 2022ರ ನವೆಂಬರ್ 30ಕ್ಕೆ ಹೊರಬಂತು, ಆಮೇಲೆ ಇಂಥವು ಒಂದರ ಹಿಂದೆ ಒಂದು ಬಂದಿವೆ, ಕಲಿತವರಿಗೆ ಕಾಲ, ಭಯ ಬಿಡಿ ಅಂತೆಲ್ಲ. ಭಾಷಣ ಮುಗಿಸಿ ಒಂದು ಚಾಟ್‌ಬಾಟ್ ತೆರೆದು, "ಜಮೀನಿನ ಪೋತಿ ಖಾತೆ ಬದಲಾವಣೆಗೆ ತಹಶೀಲ್ದಾರರಿಗೆ ಒಂದು ಅರ್ಜಿ ಬರೆದುಕೊಡು" ಅಂತ ಟೈಪ್ ಮಾಡಿದೆ. ಹತ್ತೇ ಸೆಕೆಂಡು. ಪುಟ ತುಂಬಿತು. ನಾನು ಹೆಮ್ಮೆಯಿಂದ ತಿರುಗಿ ನೋಡಿದರೆ ಚಿಕ್ಕಮ್ಮ ಪರದೆ ನೋಡುತ್ತಲೇ ಇರಲಿಲ್ಲ. ತಮ್ಮ ಬೆರಳು ನೋಡಿಕೊಳ್ಳುತ್ತಿದ್ದರು.

"ಚೆನ್ನಾಗಿದೆ" ಅಂದು ಎದ್ದು ಟೀ ತರಲು ಹೋದರು. ಅವತ್ತು ಆ ವಿಷಯ ಮತ್ತೆ ಎತ್ತಲಿಲ್ಲ.

ರಾತ್ರಿ ಮಲಗಿದಾಗ ನನಗೆ ಹೊಳೆಯಿತು. ಅವರ ಕೆಲಸವನ್ನೇ, ಅವರ ಕಣ್ಣೆದುರಿಗೇ, ಅವರಿಗಿಂತ ನೂರು ಪಟ್ಟು ಬೇಗ ಮಾಡಿ ತೋರಿಸಿ, "ಹೆದರಬೇಡಿ" ಅಂದಿದ್ದೆ. ಹುಲಿಯನ್ನು ಹಟ್ಟಿಯೊಳಗೆ ತಂದು ಬಿಟ್ಟು, ನೋಡು ಎಷ್ಟು ಚಂದ ಇದೆ ಅಂದ ಹಾಗಾಯಿತು.

ಹಳೇ ಗಾಯ

ಬೆಳಿಗ್ಗೆ ತಟ್ಟೆ ಇಡ್ಲಿ ತಿನ್ನುತ್ತಾ ಚಿಕ್ಕಮ್ಮ ತಾವಾಗೇ ಒಂದು ಕಥೆ ಹೇಳಿದರು. ನಾನು ಕೇಳೇ ಇರಲಿಲ್ಲ.

2001ರಲ್ಲಿ ಅವರು ಇನ್ನೊಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಕಂಪ್ಯೂಟರ್ ಹೊಸದಾಗಿ ಬಂದಿತ್ತು. ಎರಡು ತಿಂಗಳು ಹತ್ತಿರಕ್ಕೇ ಹೋಗಲಿಲ್ಲವಂತೆ. ಆಮೇಲೆ ಒಂದು ದಿನ ಹನ್ನೊಂದು ಪುಟದ ವಿಭಾಗಪತ್ರ ಟೈಪ್ ಮಾಡಿ, ಸೇವ್ ಮಾಡುವುದನ್ನು ಮರೆತು, ಸಂಜೆ ಫ್ಯಾನ್ ಆರಿಸಿದ ಹಾಗೆ ಗೋಡೆಯ ಸ್ವಿಚ್ ಆರಿಸಿಬಿಟ್ಟರು. ಟೈಪ್‌ರೈಟರ್‌ನಲ್ಲಿ ಹೊಡೆದ ಅಕ್ಷರ ಕಾಗದದ ಮೇಲೆ ಇದ್ದೇ ಇರುತ್ತದೆ, ಆರಿಸಿದರೆ ಮಾಯ ಆಗುವ ಅಕ್ಷರ ಅವರಿಗೆ ಗೊತ್ತೇ ಇರಲಿಲ್ಲ. ಮಾರನೇ ದಿನ ಕಕ್ಷಿದಾರರ ಎದುರಿಗೇ ಮಾಲೀಕ, "ಹೆಂಗಸರ ಕೈಗೆ ಮೆಷಿನ್ ಕೊಟ್ಟರೆ ಹಿಂಗೇ" ಅಂದು ನಕ್ಕನಂತೆ. ಅಲ್ಲಿದ್ದವರೂ ನಕ್ಕರಂತೆ.

ಅದಾದ ಮೇಲೆ ಚಿಕ್ಕಮ್ಮ ಕಂಪ್ಯೂಟರ್ ಕಲಿತರು, ಸ್ವಂತ ಅಂಗಡಿ ಹಾಕಿದರು. ಆದರೆ ಗೊತ್ತಿರುವ ನಾಲ್ಕು ಗುಂಡಿ ಬಿಟ್ಟು ಐದನೇದು ಒತ್ತುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಪ್ರೋಗ್ರಾಂ, ಅದೇ ಫಾಂಟ್, ಅದೇ ಫೋಲ್ಡರ್. ಯುಪಿಐ ಸ್ಕ್ಯಾನ್ ಮಾಡುವ ಚೀಟಿಯನ್ನೂ ಪಕ್ಕದ ಜೆರಾಕ್ಸ್ ಅಂಗಡಿ ಹುಡುಗನೇ ಅಂಟಿಸಿ ಹೋಗಿದ್ದು.

ಹಾಗಾಗಿ ಇಲ್ಲಿ ಎರಡು ಭಯ ಹೆಣೆದುಕೊಂಡಿದ್ದವು. ಹೊಟ್ಟೆಪಾಡು ಹೋಗುತ್ತದೆ ಅನ್ನುವುದು ಒಂದು. ಅದು ನಿಜವಾದ ಭಯ, ಅದನ್ನು ತೆಗೆಯುವ ಮಂತ್ರ ನನ್ನ ಹತ್ತಿರ ಇರಲಿಲ್ಲ. ಇನ್ನೊಂದು, ತಪ್ಪಾದರೆ ನಾಲ್ಕು ಜನ ನಗುತ್ತಾರೆ ಅನ್ನುವುದು. ಇದಕ್ಕೆ ಏನಾದರೂ ಮಾಡಬಹುದು ಅನ್ನಿಸಿತು.

"ಚಿಕ್ಕಮ್ಮ, ನನ್ನ ಆಫೀಸಿನಲ್ಲಿ ತಪ್ಪು ಹುಡುಕಿದವರಿಗೇ ಸಂಬಳ ಕೊಡೋದು ಗೊತ್ತಾ?" ಅಂದೆ. "ಇವತ್ತಿಂದ ನೀವು ಇದರ ತಪ್ಪು ಹುಡುಕಿ. ಒಂದೇ ಷರತ್ತು. ಕೆಲಸಕ್ಕೆ ಬರೋದು ಏನೂ ಕೇಳಬಾರದು. ಅರ್ಜಿಯ ಮಾತೇ ಇಲ್ಲ."

"ಮತ್ತೇನು ಕೇಳೋದು?"

"ತರಲೆ."

ತರಲೆ

ನನ್ನ ಲ್ಯಾಪ್‌ಟಾಪ್‌ನಲ್ಲಿ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಕೀಲಿಮಣೆ ಜೋಡಣೆಯನ್ನೇ ಹಾಕಿಕೊಟ್ಟೆ, ಕೆ. ಪಿ. ರಾವ್ ಅವರು ರೂಪಿಸಿದ ಆ ಜೋಡಣೆ ಚಿಕ್ಕಮ್ಮನ ಬೆರಳಿಗೆ ನೀರು ಕುಡಿದಷ್ಟು ಸಲೀಸು. ಕೂತ ಕೂಡಲೇ ಬೆರಳು ಓಡಿತು. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯಿರಿ ಅಂದಿದ್ದರೆ ಅಲ್ಲೇ ಎದ್ದು ಹೋಗುತ್ತಿದ್ದರು.

ಮೊದಲ ಪ್ರಶ್ನೆ ಒಗಟು. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನು?" ಮಲ್ಲಿಗೆ ಅಂತ ಸರಿಯಾಗೇ ಹೇಳಿತು. ಚಿಕ್ಕಮ್ಮನ ಮುಖ ಸಪ್ಪಗಾಯಿತು. "ಇದು ಎಲ್ಲರಿಗೂ ಗೊತ್ತಿರೋದು, ಪುಸ್ತಕದಲ್ಲೂ ಇದೆ, ನೀವೇ ಒಂದು ಕಟ್ಟಿ" ಅಂದೆ. ಸ್ವಲ್ಪ ಹೊತ್ತು ಮೂಲೆಯ ಟೈಪ್‌ರೈಟರ್ ಕಡೆ ನೋಡಿ ಹೀಗೆ ಬರೆದರು:

"ಕಪ್ಪು ಸೀರೆಯವಳು ಇಬ್ಬರ ನಡುವೆ ಮಲಗ್ತಾಳೆ. ಏಟು ತಿನ್ನೋನು ಮೇಲಿನವನು, ಗುರುತು ಬೀಳೋದು ಕೆಳಗಿನವನ ಮೈಮೇಲೆ."

ಚಾಟ್‌ಬಾಟ್ "ರಾತ್ರಿ" ಅಂದಿತು. ಅಷ್ಟೇ ಅಲ್ಲ, ಹಗಲು ಮತ್ತು ಹಗಲಿನ ನಡುವೆ ರಾತ್ರಿ ಹೇಗೆ ಮಲಗುತ್ತದೆ ಅಂತ ವಿವರಣೆ ಬೇರೆ. "ತಪ್ಪು" ಅಂದರೆ ಕ್ಷಮೆ ಕೇಳಿ "ನೆರಳು" ಅಂದಿತು. ಮತ್ತೆ ಕ್ಷಮೆ ಕೇಳಿ "ರೊಟ್ಟಿ ಹಂಚು" ಅಂದಿತು. ಚಿಕ್ಕಮ್ಮ ಜೋರಾಗಿ ನಕ್ಕರು. "ಕಾರ್ಬನ್ ಪೇಪರ್ ಕಣೋ ಮುಟ್ಠಾಳ!" ಅಂತ ಅದಕ್ಕೇ ಟೈಪ್ ಮಾಡಿ ಬೈದರು. ಅದು "ಎಂಥ ಅದ್ಭುತ ಒಗಟು" ಅಂತ ಹೊಗಳಿತು. "ಬೆಣ್ಣೆ ಹಚ್ಚೋದು ಚೆನ್ನಾಗಿ ಕಲಿತಿದೆ" ಅಂದರು.

ಆಮೇಲೆ ನಾನು ಹೇಳಿಕೊಡಬೇಕಾಗಿ ಬರಲಿಲ್ಲ. ಲೆಕ್ಕ ಬರೆಯುವ ಹಳೇ ರಿಜಿಸ್ಟರ್ ತೆಗೆದು ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದರು. ಒಂದಕ್ಕೆ "ನಾನು", ಇನ್ನೊಂದಕ್ಕೆ "ಅದು". ಸರಿ ಹೇಳಿದರೆ ಅದಕ್ಕೆ ಒಂದು ಗೆರೆ, ಸಿಕ್ಕಿಹಾಕಿಕೊಂಡರೆ ಇವರಿಗೆ ಒಂದು ಗೆರೆ.

ಎರಡನೇ ದಿನ ಒಂದು ಸುಳ್ಳು ಗಾದೆ ಹೊಸೆದರು. "ಮದ್ದೂರು ವಡೆಗೆ ಮೊಸರಿನ ಸಾಲ ಎಂಬ ಗಾದೆಯ ಅರ್ಥ ವಿವರಿಸು." ಇಂಥ ಗಾದೆ ಎಲ್ಲೂ ಇಲ್ಲ, ಚಿಕ್ಕಮ್ಮ ಅವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಮಾಡಿದ್ದು. ಚಾಟ್‌ಬಾಟ್ ಹಿಂದೆಮುಂದೆ ನೋಡಲಿಲ್ಲ. ಇದು ಮಂಡ್ಯ ಸೀಮೆಯ ಪ್ರಸಿದ್ಧ ಗಾದೆ, ತನ್ನಲ್ಲೇ ಸಾಕಷ್ಟು ಇದ್ದರೂ ಇತರರ ಹಂಗಿಗೆ ಬೀಳುವವರ ಕುರಿತು ಹಿರಿಯರು ಹೇಳಿದ ಮಾತು ಅಂತ ಮೂರು ಪ್ಯಾರಾ ಬಿಟ್ಟಿತು. ಹತ್ತನೇ ತರಗತಿಯ ಗಾದೆ ವಿಸ್ತರಣೆ ಥರ. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು, ಈಗ ನಮ್ಮ ಮನೆಯಲ್ಲಿ ಅದು ನಿಜವಾದ ಗಾದೆಯೇ ಆಗಿಹೋಗಿದೆ.

ಮೂರನೇ ದಿನ "ಮಂಡ್ಯದ ಆಡುಮಾತಿನಲ್ಲಿ ನನ್ನ ಜೊತೆ ಮಾತಾಡು" ಅಂದರು. "ಏನ್ಲಾ ಚಿಕ್ಕಮ್ಮ, ಚೆನ್ನಾಗಿದ್ದೀಯೇನ್ಲಾ" ಅಂದಿತು. "ಹೆಂಗಸಿಗೆ ಯಾವನಾದ್ರೂ ಲಾ ಅಂತಾನೇನೋ? ಅಮ್ಮಿ ಅನ್ನು, ಅವ್ವ ಅನ್ನು" ಅಂತ ಪಾಠ ಮಾಡಿದರು. ಮುಂದಿನ ಸಾಲಿನಲ್ಲಿ ಪ್ರತಿ ಪದಕ್ಕೂ ಅವ್ವ ಸೇರಿಸಿತು. ಬುಡು ಅತ್ಲಾಗೆ ಅಂತ ಬಿಟ್ಟರು.

ಅದು ಗೆದ್ದಿದ್ದೂ ಉಂಟು. ಮಂಡ್ಯ ಜಿಲ್ಲೆ ಯಾವಾಗ ಆಯ್ತು ಅಂದರೆ 1939 ಅಂದಿತು, ಸರಿ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಅದೂ ಸರಿ. ಈ ಸಂಖ್ಯೆ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ, ಮಳೆಗಾಲ ಬಂತೆಂದರೆ ದಿನಾ ಪೇಪರ್‌ನಲ್ಲಿ ಇದೇ ಸುದ್ದಿ. "ಹಂಗಾದ್ರೆ ಇವತ್ತು ಎಷ್ಟು ಅಡಿ ನೀರಿದೆ?" ಅಂದರು. ಅದು ಒಂದು ಅಂಕಿ ಹೇಳಿತು. ಆವತ್ತಿನ ಪೇಪರ್‌ನಲ್ಲಿ ಇದ್ದದ್ದೇ ಬೇರೆ. "ಹಳೇದು ಚೆನ್ನಾಗಿ ಓದಿದೆ, ಇವತ್ತಿಂದು ಗೊತ್ತಿಲ್ಲ, ಗೊತ್ತಿಲ್ಲ ಅಂತ ಹೇಳೋಕೂ ಬರಲ್ಲ" ಅಂತ ಚಿಕ್ಕಮ್ಮ ತೀರ್ಪು ಕೊಟ್ಟರು. ಚಾಟ್‌ಬಾಟ್‌ಗಳ ಬಗ್ಗೆ ನಾನು ಕೇಳಿದ ವಿವರಣೆಗಳಲ್ಲಿ ಇದಕ್ಕಿಂತ ಚುರುಕಾದದ್ದು ಕಡಿಮೆ. ಇಂಟರ್‌ನೆಟ್‌ನಲ್ಲಿ ಹುಡುಕಿ ಹೇಳು ಅಂದರೆ ಇವತ್ತಿನದನ್ನೂ ತಂದುಕೊಡುವ ಸೌಲಭ್ಯ ಕೆಲವಕ್ಕೆ ಇದೆ, ಅದನ್ನು ಆಮೇಲೆ ತೋರಿಸಿದೆ.

ನನಗೆ ಬಹಳ ಇಷ್ಟ ಆಗಿದ್ದು ಅಕ್ಷರದ ಲೆಕ್ಕ. "ಕೃಷ್ಣರಾಜಸಾಗರ ಪದದಲ್ಲಿ ಎಷ್ಟು ಅಕ್ಷರ?" ಒಂದು ಸಲ 9 ಅಂದಿತು, ಇನ್ನೊಂದು ಸಲ 8. ಬೆರಳು ಮಡಿಸಿ ಎಣಿಸಿ, ಕೃ, ಷ್ಣ, ರಾ, ಜ, ಸಾ, ಗ, ರ, ಏಳು. ಚಿಕ್ಕಮ್ಮ ಬೆರಗಾದರು. "ಒಂದನೇ ಕ್ಲಾಸಿನ ಲೆಕ್ಕ ಬರಲ್ವಾ ಇದಕ್ಕೆ?" ಆಗ ವಿವರಿಸಿದೆ. ನಾವು ಅಕ್ಷರ ಅಂತ ನೋಡುವುದನ್ನು ಅದು ನೋಡುವುದೇ ಇಲ್ಲ, ಟೋಕನ್ ಅನ್ನುವ ಚೂರುಗಳಾಗಿ ಕತ್ತರಿಸಿ ನುಂಗುತ್ತದೆ, ಕನ್ನಡದ ಪದ ಇಂಗ್ಲಿಷ್ ಪದಕ್ಕಿಂತ ಸಾಮಾನ್ಯವಾಗಿ ಜಾಸ್ತಿ ಚೂರಾಗುತ್ತದೆ. ಅವರಿಗೆ ತಟ್ಟನೆ ಹೊಳೆಯಿತು: "ನಾವು ಕೀಲಿ ಒತ್ತಿದಂಗೆ! ಕೃಷ್ಣರಾಜಸಾಗರ ಅಂತ ಹೊಡೆಯೋಕೆ ನುಡಿಯಲ್ಲಿ ಹನ್ನೆರಡು ಸಲ ಒತ್ತಬೇಕು." ಎಣಿಸಿ ನೋಡಿದೆ, ಸರಿಯಾಗಿ 12. ಟೋಕನ್ ಅಂದರೆ ಪೂರ್ತಿ ಅದೇ ಅಲ್ಲ, ಆದರೆ ದಾರಿ ಅದೇ.

ಅವತ್ತೇ ಇನ್ನೊಂದು ಮಾತೂ ಬಂತು. ಇದು ಹೇಗೆ ಬರೆಯುತ್ತದೆ ಅಂತ ಕೇಳಿದರು. ನಾನು ಕೇಳಿದೆ, "'ಈ ಮೂಲಕ ತಮ್ಮಲ್ಲಿ' ಅಂತ ಟೈಪ್ ಮಾಡಿದ ಮೇಲೆ ನಿಮ್ಮ ಬೆರಳು ಎಲ್ಲಿಗೆ ಹೋಗುತ್ತೆ?" ಯೋಚನೆ ಮಾಡದೆ ಹೇಳಿದರು, "ವಿನಂತಿಸಿಕೊಳ್ಳುವುದೇನೆಂದರೆ." ಅಷ್ಟೇ ಚಿಕ್ಕಮ್ಮ, ಅಂದೆ. ಲಕ್ಷಗಟ್ಟಲೆ ಅರ್ಜಿ ಹೊಡೆದ ಬೆರಳಿಗೆ ಮುಂದಿನ ಪದ ತಾನೇ ಬರುತ್ತೆ, ಇದಕ್ಕೂ ಅದೇ ಅಭ್ಯಾಸ, ಓದಿರೋದು ಮಾತ್ರ ಲೋಕದಷ್ಟು. ಪದ ಸರಿಯಾಗಿ ಕೂತಿತಾ ಅಂತ ಗೊತ್ತು, ಜಮೀನು ನಿಜವಾಗಿ ಯಾರದು ಅಂತ ಗೊತ್ತಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇದೂ ಟೈಪಿಸ್ಟೇ" ಅಂದರು.

ಆಗ ಅವರಿಗೆ ಎಲಿಜಾ ಕಥೆ ಹೇಳಿದೆ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನುವವರು ಮಾತಾಡುವ ಒಂದು ಸಣ್ಣ ಪ್ರೋಗ್ರಾಂ ಪ್ರಕಟಿಸಿದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದು ಬಿಟ್ಟರೆ ಅದಕ್ಕೆ ಜಾಸ್ತಿ ಏನೂ ಬರುತ್ತಿರಲಿಲ್ಲ. ಅವರ ಕಾರ್ಯದರ್ಶಿ ಅದರ ಜೊತೆ ನಾಲ್ಕು ಮಾತಾಡುತ್ತಲೇ, ನೀವು ಸ್ವಲ್ಪ ಆಚೆ ಹೋಗಿ ಅಂದರಂತೆ, ಅದೂ ವೈಜೆನ್‌ಬಾಮ್ ಆ ಪ್ರೋಗ್ರಾಂ ಮಾಡುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ನೋಡಿದ್ದವರು. ಚಿಕ್ಕಮ್ಮ ನಗಲಿಲ್ಲ. "ಪಾಪ, ಅವಳ ಮಾತು ಕೇಳೋರು ಯಾರೂ ಇರಲಿಲ್ಲ ಅನ್ನಿಸುತ್ತೆ" ಅಂದರು.

ಒಂದು ಹಿಂದೇಟು

ಎಲ್ಲ ಸಲೀಸಾಗಿ ಹೋಯಿತು ಅಂದುಕೊಳ್ಳಬೇಡಿ. ಎರಡನೇ ವಾರ ನಾನು ಮೈಸೂರಿನಲ್ಲಿದ್ದೆ. ಮಧ್ಯಾಹ್ನ ಫೋನ್ ಬಂತು, ದನಿ ನಡುಗುತ್ತಿತ್ತು. ಅಂಗಡಿಯ ಕಂಪ್ಯೂಟರ್‌ನಲ್ಲಿ ತಾವಾಗೇ ಚಾಟ್‌ಬಾಟ್ ತೆರೆದು, ಹಳೇ ಫೈಲಿನಿಂದ ಒಂದು ಪ್ಯಾರಾ ತಂದು ಅಂಟಿಸಿದ್ದಾರೆ. ಕನ್ನಡ ಹೋಗಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಅದರ ಮೇಲೆ ಚುಕ್ಕಿ, ಕೊಂಡಿ. ಅದು ಬೇರೆ, "ಇದು ಸಂಕೇತ ಭಾಷೆಯಂತೆ ಕಾಣುತ್ತದೆ" ಅಂದಿದೆ. ಹಳೇ ಫೈಲೆಲ್ಲ ಕೆಟ್ಟುಹೋಯಿತು ಅಂತ ಚಿಕ್ಕಮ್ಮ ಕಂಪ್ಯೂಟರ್ ಆರಿಸಿ ಕೂತಿದ್ದರು. ಅಂಗಡಿಯಲ್ಲಿ ಇಬ್ಬರು ಗಿರಾಕಿ ಬೇರೆ. 2001 ವಾಪಸ್ ಬಂದಿತ್ತು.

ಕೆಟ್ಟಿರಲಿಲ್ಲ. ಹಳೇ ನುಡಿ ಫಾಂಟ್‌ಗಳಲ್ಲಿ ಬರೆದದ್ದು ಒಳಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುತ್ತದೆ, ಫಾಂಟ್ ಮೇಲೆ ಕನ್ನಡದ ವೇಷ ಹಾಕುತ್ತದೆ. ಆ ಫಾಂಟ್ ಇಲ್ಲದ ಕಡೆ ಅಂಟಿಸಿದರೆ ವೇಷ ಕಳಚುತ್ತದೆ. ಕನ್ನಡಕ್ಕೆ ಅದರದ್ದೇ ಜಾಗ ಕೊಟ್ಟಿರುವ ಯೂನಿಕೋಡ್ ಅನ್ನುವ ಸಂಕೇತಕ್ಕೆ ಪರಿವರ್ತಿಸಿ ಅಂಟಿಸಿದರೆ ಸರಿ. ಫೋನಿನಲ್ಲೇ ಹೇಳಿ ಕಂಪ್ಯೂಟರ್ ಹಚ್ಚಿಸಿದೆ, ಫೈಲ್ ತೆರೆಸಿದೆ, ಎಲ್ಲ ಇದ್ದಲ್ಲೇ ಇತ್ತು. ಒಂದು ನಿಟ್ಟುಸಿರು ಕೇಳಿಸಿತು. ಆಮೇಲೆ ಗಿರಾಕಿಗಳಿಗೆ ಹೇಳುತ್ತಿದ್ದದ್ದೂ ಕೇಳಿಸಿತು: "ಏನಿಲ್ಲ, ಅದಕ್ಕೆ ನುಡಿ ಓದೋಕೆ ಬರಲ್ವಂತೆ."

ರಿಜಿಸ್ಟರ್‌ನಲ್ಲಿ ಅದನ್ನೂ ತಮ್ಮ ಕಾಲಂಗೇ ಹಾಕಿಕೊಂಡಿದ್ದರು. ನಾನು ತಕರಾರು ಮಾಡಲಿಲ್ಲ.

ಕೆಲಸದ ಮಾತು

ಮೂರನೇ ವಾರ ಷರತ್ತು ತೆಗೆದೆ. ನಿಜ ಹೇಳಬೇಕೆಂದರೆ ಅವರೇ ಮುರಿದರು. ಚೀಟಿ ದುಡ್ಡು ಕಳೆದುಕೊಂಡ ಒಬ್ಬರು ಮೊಬೈಲಿನಲ್ಲಿ ಬರೆಸಿಕೊಂಡ ದೂರು ತಂದಿದ್ದರು, ಬರೀ ಪ್ರಿಂಟ್ ಬೇಕಿತ್ತು. ಮೊದಲಾಗಿದ್ದರೆ ಚಿಕ್ಕಮ್ಮ ಮುಖ ಕೆಳಗೆ ಹಾಕಿ ಪ್ರಿಂಟ್ ಕೊಡುತ್ತಿದ್ದರು. ಈ ಸಲ ಕನ್ನಡಕ ಏರಿಸಿಕೊಂಡು ಓದಿದರು. ಐಪಿಸಿ 420 ಅಂತ ಇತ್ತು. "ಸ್ವಾಮಿ, ದುಡ್ಡು ಕೊಟ್ಟಿದ್ದು ಯಾವಾಗ?" ಹೋದ ದೀಪಾವಳಿ ಆದ ಮೇಲೆ. "ಹಂಗಾದ್ರೆ ಇದು ಹಳೇ ಸೆಕ್ಷನ್. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಬಿಎನ್‌ಎಸ್ ಬಂದಿದೆ, ಮೋಸಕ್ಕೆ 318. ಆ ಲೆಕ್ಕ ಪೊಲೀಸರದು, ನೀವು ನಡೆದಿದ್ದು ನಡೆದ ಹಾಗೆ ಬರೆಸಿ, ತಾರೀಖು ಮೊತ್ತ ಸರಿಯಾಗಿರಲಿ." ಅರ್ಧ ಪುಟ ತಿದ್ದಿಕೊಟ್ಟು 40 ರೂಪಾಯಿ ತಗೊಂಡರು.

ರಾತ್ರಿ ನನಗೆ ಫೋನ್ ಮಾಡಿ ಇದನ್ನು ಮೂರು ಸಲ ಹೇಳಿದರು. ನಾನೂ ಒಂದು ಕಥೆ ಹೇಳಿದೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಹಾಕಿಸಿಕೊಂಡಿದ್ದರು. "ಮದ್ದೂರು ವಡೆ ಗಾದೆ ಥರ" ಅಂದರು ಚಿಕ್ಕಮ್ಮ. ಹೌದು, ಅದೇ.

ಈಗ ಅವರು ಚಾಟ್‌ಬಾಟನ್ನು ಕೆಲಸಕ್ಕೂ ಬಳಸುತ್ತಾರೆ. ಇಂಗ್ಲಿಷ್ ಸುತ್ತೋಲೆಯಲ್ಲಿ ಏನಿದೆ ಅಂತ ತಿಳಿಯೋಕೆ, ಇಂಗ್ಲಿಷ್ ಪತ್ರದ ವ್ಯಾಕರಣ ನೋಡೋಕೆ. ಕನ್ನಡ ಅರ್ಜಿ ಮಾತ್ರ ಬರೆಸಲ್ಲ. "ಅದರ ಕನ್ನಡದಲ್ಲಿ ಮನುಷ್ಯರು ಅಳೋದಿಲ್ಲ" ಅನ್ನುತ್ತಾರೆ. ವಿಧವಾ ವೇತನದ ಅರ್ಜಿಗೆ ಅದು ಬರೆದ ಸಾಲು ಓದಿಸಿದರು, ನನಗೂ ಹಾಗೇ ಅನ್ನಿಸಿತು. ಇನ್ನೊಂದು ನಿಯಮ ಅವರೇ ಮಾಡಿಕೊಂಡಿದ್ದು, ನಾನು ಹೇಳಿಕೊಟ್ಟಿದ್ದಲ್ಲ. ಗಿರಾಕಿಯ ಹೆಸರು, ಆಧಾರ್ ನಂಬರ್, ಸರ್ವೆ ನಂಬರ್ ಯಾವುದನ್ನೂ ಅದಕ್ಕೆ ಕೊಡಲ್ಲ. ಹೆಸರಿದ್ದ ಕಡೆ ರಾಮಣ್ಣ, ಭೀಮಣ್ಣ, ನಂಬರಿದ್ದ ಕಡೆ ಸೊನ್ನೆ. ಮೂವತ್ತೆಂಟು ವರ್ಷ ಊರಿನವರ ಮನೆ ಜಗಳ ಟೈಪ್ ಮಾಡಿ ಒಂದು ಮಾತೂ ಆಚೆ ಬಿಡದವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ದುಡ್ಡಿನ ವಿಷಯ ಕೇಳಿದರೆ, ಗಿರಾಕಿ ಕಡಿಮೆಯಾಗಿದ್ದು ಕಡಿಮೆಯೇ. ಅದನ್ನು ಮುಚ್ಚಿಟ್ಟು ಈ ಪ್ರಕರಣ ಸುಖಾಂತ ಅನ್ನಲಾರೆ. ತಿಂಗಳ ಬಾಡಿಗೆ ಕಟ್ಟುವಾಗ ಚಿಕ್ಕಮ್ಮ ಈಗಲೂ ಎರಡು ಸಲ ಎಣಿಸುತ್ತಾರೆ. ಇನ್ನು ಹತ್ತು ವರ್ಷಕ್ಕೆ ಇಂಥ ಅಂಗಡಿ ಇರುತ್ತಾ ಅಂತ ಕೇಳಿದರೆ, "ಹತ್ತು ವರ್ಷಕ್ಕೆ ನಾನೇ ಇರ್ತೀನೋ ಇಲ್ವೋ" ಅನ್ನುತ್ತಾರೆ. ಆದರೆ ಮುಚ್ಚುವ ಮಾತು ಆಡಿಲ್ಲ. ಬಾಗಿಲಿಗೆ ಹೊಸದೊಂದು ಹಾಳೆ ಅಂಟಿಸಿದ್ದಾರೆ, ಅವರೇ ಟೈಪ್ ಮಾಡಿದ್ದು: "ಮೊಬೈಲ್‌ನಲ್ಲಿ ಬರೆಸಿದ ಅರ್ಜಿಗಳನ್ನು ಓದಿ ತಿದ್ದಿ ಕೊಡಲಾಗುವುದು."

ಹೋದ ವಾರ ಹೋದಾಗ ರಿಜಿಸ್ಟರ್ ನೋಡಿದೆ. ಅದು 63, ನಾನು 41. "ಸೋಲ್ತಾ ಇದ್ದೀರಲ್ಲ ಚಿಕ್ಕಮ್ಮ" ಅಂದೆ. ಅವರು ಪರದೆಯಿಂದ ಕಣ್ಣು ತೆಗೆಯಲೇ ಇಲ್ಲ. ಹೊಸ ಒಗಟು ಬರೆಯುತ್ತಿದ್ದರು, ಈ ಸಲ ಜೆರಾಕ್ಸ್ ಮೆಷಿನ್ ಬಗ್ಗೆ.